ಮಲ್ಪೆಯ ಪ್ರಿಂಟು

ಅಂಚೆಯಲ್ಲಿ ಡಿಸ್ಕ್ ಬಂತು, ಗುಳ್ಳೆಕಾಗದ ಸುತ್ತಿ.
ಕಳಿಸಿದವ ನಿಶ್ಮಿತ್, ಕಲ್ಯಾಣಪುರದ ಹುಡುಗ,
ಮೂರು ವರ್ಷ ಕೂತು ತೊಳೆದನಂತೆ
ಒಂದೂವರೆ ಲಕ್ಷ ಚೌಕ, ಒಂದೊಂದಾಗಿ.
ಜೊತೆಗೊಂದು ಚೀಟಿ: ‘ನೋಡಿ ಹೇಳಿ ಮೋನಾಕ,
ಎಂತಾದರೂ ತಪ್ಪುಂಟಾ.’

ಆ ಪ್ರಿಂಟು ಹಾಳಾದದ್ದು ನನ್ನ ಕೈಯಲ್ಲೇ.
ಅದನ್ನು ಮೊದಲೇ ಹೇಳಿಬಿಡುತ್ತೇನೆ.
ಮಲ್ಪೆಯ ಟೆಂಟಿನಲ್ಲಿ ಹಿಲರಿ ಪೊರ್ಬು ಆಪರೇಟರು,
ನಾನು ರೀಲು ಸುತ್ತುವವ.
ಯಂತ್ರದ ಗೇಟಿನಲ್ಲಿ ಬಂಗುಡೆ ಮುಳ್ಳಿನಷ್ಟು ಚೂಪು,
ಉಪ್ಪುಗಾಳಿ ತಿಂದು ಎದ್ದ ಕಬ್ಬಿಣ.
ಎರಡನೇ ರೀಲಿನ ಬಲಬದಿಗೆ
ಉದ್ದಕ್ಕೂ ಹಸಿರು ಗೀರು ಬಿದ್ದದ್ದು ಅದರಿಂದ.
ಹೀರೋ ಅದರಾಚೆ ನಿಂತರೆ ಜೈಲಿನಲ್ಲಿದ್ದ ಹಾಗೆ.

ಜನ ಬೈಯಲಿಲ್ಲ. ಹನ್ನೊಂದು ವಾರ ಬಂದರು,
ದೋಣಿ ಕಟ್ಟಿ, ಕೈ ತೊಳೆದೂ ತೊಳೆಯದೆ,
ವಿಲನ್ ಬಾಯಿ ತೆರೆಯುವ ಮೊದಲೇ
ಅವನ ಮಾತು ತಾವೇ ಆಡಿದರು.
ತುಂಡಾದಲ್ಲಿ ಕತ್ತರಿಸಿ ಅಂಟಿಸಿದೆವು;
ಹೊಡೆದಾಟದಲ್ಲಿ ಪೆಟ್ಟು ಬೀಳುವ ಮೊದಲೇ
ಒಬ್ಬ ನೆಲಕ್ಕೆ ಬಿದ್ದ.
ಶಿಳ್ಳೆ ಮತ್ತೂ ಜಾಸ್ತಿಯಾಯಿತು.

ಆಮೇಲೆ ಬಲೆಗೋದಾಮಿನ ಅಟ್ಟದಲ್ಲಿ
ಡಬ್ಬಗಳಿಗೆ ಮೂವತ್ತೆಂಟು ಮಳೆಗಾಲ.
ನಿಶ್ಮಿತ್ ಮುಚ್ಚಳ ಎಬ್ಬಿಸಿದಾಗ ಬಂದ ಹುಳಿ ವಾಸನೆ
ಹಿಲರಿ ಪೊರ್ಬುವಿನ ಮನೆಯ ವಿನೆಗರ್ ಭರಣಿಯದ್ದೇ.
ಬಣ್ಣ ಇಳಿದಿತ್ತು. ಕಡಲು ಗುಲಾಬಿ, ತೆಂಗು ಗುಲಾಬಿ,
ಪೊಲೀಸ್ ಜೀಪೂ ಗುಲಾಬಿ.
‘ಅವಳ ಸೀರೆ ಯಾವ ಬಣ್ಣ?’ ಕೇಳಿದ.
ಅರಶಿನ ಅಂದೆ. ಖಾತ್ರಿ ಇರಲಿಲ್ಲ.
ಈಗ ಅರಶಿನ ಉಂಟು. ಇನ್ನು ಅದೇ ನಿಜ.

ಟಿವಿಗೆ ಹಾಕಿದೆ. ಮೈಮೂನಾ ಬಂದು ಕೂತಳು,
ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ.
ಗೀರು ಇಲ್ಲ. ನನ್ನ ಅಂಟೂ ಇಲ್ಲ.
ಧಕ್ಕೆಯ ದೃಶ್ಯ: ಆಕಾಶ ಬೆಳಗಿಟ್ಟ ಪಿಂಗಾಣಿ.
ನಿಲ್ಲಿಸಿದೆ. ಹಿಂದೆ ಹೋದೆ.

ಹದ್ದುಗಳೆಲ್ಲಿ?

ಹದ್ದಿಲ್ಲದ ಆಕಾಶ ಮಲ್ಪೆಯಲ್ಲಿ ಯಾರು ಕಂಡಿದ್ದಾರೆ ಮಾರಾಯ?
ಕಪ್ಪು ಚುಕ್ಕೆ ಕಂಡದ್ದೆಲ್ಲ ಕೊಳೆ ಅಂತ
ಮಷಿನು ಅಕ್ಕಿಯ ಕಲ್ಲಿನ ಹಾಗೆ ಹೆಕ್ಕಿ ತೆಗೆದಿದೆ.
ಕೆಳಗೆ ಹೆಂಗಸರು ಬುಟ್ಟಿಗೆ ಕೈ ಅಡ್ಡ ಹಿಡಿದು
ಹುಶ್ ಹುಶ್ ಅಂತ ಇನ್ನೂ ಓಡಿಸುತ್ತಿದ್ದಾರೆ,
ಖಾಲಿಯನ್ನು.
ಗರಗರ ತೆಗೆಯುವಾಗ
ಕಡಲಿನ ಶಬ್ದವೂ ಸ್ವಲ್ಪ ಹೋಗಿದೆ.

ಬೈಯಲಿಕ್ಕೆ ಮಾತು ಜೋಡಿಸುತ್ತಿದ್ದೆ.
ಅಷ್ಟರಲ್ಲಿ ಕೊನೆಯ ರೀಲು.
ಅವನ ದೋಣಿ ದೂರವಾಗುತ್ತದೆ, ಅವಳು ದಡದಲ್ಲಿ.
ಇಲ್ಲಿ ಮಳೆ ಬರುತ್ತಿತ್ತು, ಪ್ರತಿ ಆಟದಲ್ಲೂ.
ಬಿಳಿ ಗೆರೆ ಧೋ ಅಂತ ಸುರಿದು
ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುವಳು.
‘ಎಷ್ಟು ಚೆಂದ ಮಳೆ ತೆಗೆದಿದ್ದಾರೆ ನೋಡು’
ಅಂದಿದ್ದ ಹಿಲರಿ ಪೊರ್ಬು,
ಬೀಡಿಯನ್ನು ಕಿಟಕಿಯಿಂದಾಚೆ ಹಿಡಿದು.

ಮಳೆ ಇಲ್ಲ.
ಉರಿಬಿಸಿಲು. ನೆರಳು ಕಾಲಬುಡದಲ್ಲೇ.
ಸೆರಗು ಒಣಗಿ ಗಾಳಿಗೆ ಪಟಪಟ.
ಒರೆಸಿಕೊಳ್ಳುತ್ತಾಳೆ. ಮತ್ತೆ ಒರೆಸಿಕೊಳ್ಳುತ್ತಾಳೆ.

‘ಅಳುವುದಲ್ಲವಾ’ ಅಂದಳು ಮೈಮೂನಾ,
ಬೆಳ್ಳುಳ್ಳಿಯಿಂದ ಕಣ್ಣೆತ್ತದೆ.

ಎಂತ ಹೇಳುವುದು.
ನೂರೈವತ್ತು ಆಟ ಸುತ್ತಿದವ ನಾನು,
ತಲೆಯಿಂದ ಬಾಲಕ್ಕೆ, ಬಾಲದಿಂದ ತಲೆಗೆ.
ಆ ಹೆಣ್ಣಿನ ಮುಖದ ಮೇಲೆ
ಅಷ್ಟೂ ಗೆರೆ ನಾವೇ ಎಳೆದಿದ್ದೆವು.

ರಾತ್ರಿ ಫೋನು ಮಾಡಿದೆ.
ಮಳೆ ತೆಗೆದದ್ದು ಒಳ್ಳೆಯದಾಯಿತು ಅಂದೆ.
ಹದ್ದುಗಳನ್ನು ವಾಪಸು ಬಿಡು ಅಂದೆ.
‘ಮುಂದಿನ ಸಲ’ ಅಂದ, ದುಡ್ಡಿನ ಲೆಕ್ಕ ಹೇಳಿದ.

ದೋಣಿ ಇನ್ನೂ ಹತ್ತಿರ ಇರುವ ಚೌಕದಲ್ಲಿ ನಿಲ್ಲಿಸಿದ್ದೇನೆ.
ಕಂಬದ ತುದಿಯಲ್ಲಿ ಒಂದು ಕಪ್ಪು.
ಟಿವಿಯ ಧೂಳು ಅಂತ ಲುಂಗಿಯ ತುದಿಯಿಂದ ಒರೆಸಿದೆ.
ಹೋಗಲಿಲ್ಲ.
ಕೂತದ್ದು ಅದು, ಅಲ್ಲಾಡದೆ,
ಅದಕ್ಕೇ ಮಷಿನಿಗೆ ಸಿಕ್ಕಲಿಲ್ಲ.
ಒತ್ತಿದರೆ ಹಾರೀತು. ಹಾರಿದರೆ ಹೋದೀತು.

ರಿಮೋಟು ಕೈಯಲ್ಲೇ ಉಂಟು.